ಚೂಟಿ ನಾಯಿಗೊಂದು ಜೊತೆ: ಎರಡನೆಯ ನಾಯಿ ತರುವ ಮುನ್ನ

ಶಿವಮೊಗ್ಗದ ವಿನೋಬನಗರ, ಗೋಪಾಳ, ರಾಜೇಂದ್ರನಗರದಂತಹ ಬಡಾವಣೆಗಳಲ್ಲಿ 30×40 ಅಡಿ ನಿವೇಶನದ ಮನೆಗಳಿಗೇನೂ ಕೊರತೆಯಿಲ್ಲ. ಇಂತಹ ಮನೆಯೊಂದರಲ್ಲಿ ಒಂದೂವರೆ ವರ್ಷದ ಲ್ಯಾಬ್ರಡಾರ್ ಇದೆ ಎಂದುಕೊಳ್ಳೋಣ. ಬೆಳಿಗ್ಗೆ ಒಂಬತ್ತಕ್ಕೆ ಮನೆಯವರು ಕಚೇರಿಗೆ, ಮಕ್ಕಳು ಶಾಲೆಗೆ ಹೊರಟರೆ ಗೇಟಿನೊಳಗೆ ಉಳಿಯುವುದು ಅದೊಂದೇ. ಸಂಜೆ ಮರಳುವಷ್ಟರಲ್ಲಿ ಚಪ್ಪಲಿ ಚಿಂದಿಯಾಗಿರುತ್ತದೆ, ತುಳಸಿ ಕಟ್ಟೆಯ ಮಣ್ಣು ಅಂಗಳಕ್ಕೆ ಬಂದಿರುತ್ತದೆ, ಇಡೀ ದಿನ ಬೊಗಳಿತೆಂಬ ದೂರು ಪಕ್ಕದ ಮನೆಯಿಂದ ಸಿದ್ಧವಾಗಿರುತ್ತದೆ. ಆಗ ಯಾರೋ ಒಬ್ಬರು ಸಲಹೆ ಕೊಡುತ್ತಾರೆ: 'ಇನ್ನೊಂದು ತಂದುಬಿಡಿ, ಒಂದಕ್ಕೊಂದು ಜೊತೆಯಾಗುತ್ತವೆ.'

ಸಲಹೆ ಸುಳ್ಳಲ್ಲ. ನಾಯಿ ಗುಂಪಿನಲ್ಲಿ ಬಾಳುವ ಪ್ರಾಣಿ. ಸರಿಯಾದ ಜೊತೆ ಸಿಕ್ಕರೆ ಎರಡೂ ಆಡಿ ದಣಿದು ನೆಮ್ಮದಿಯಾಗಿರುತ್ತವೆ. ಆದರೆ ಜೊತೆ ಸರಿಹೋಗದಿದ್ದರೆ ಒಂದು ತೊಂದರೆ ಎರಡಾಗುತ್ತದೆ. ಬರುವ ನಾಯಿ ಇನ್ನು ಹತ್ತರಿಂದ ಹದಿನಾಲ್ಕು ವರ್ಷ ಮನೆಯ ಸದಸ್ಯನಾಗಿ ಇರತಕ್ಕದ್ದು. ತಿಂಗಳೊಪ್ಪತ್ತಿನಲ್ಲಿ ಬೇಡವೆನಿಸಿ ತುಂಗಾ ತೀರದಲ್ಲೋ ಭದ್ರಾವತಿಯ ಹೆದ್ದಾರಿ ಬದಿಯಲ್ಲೋ ಬಿಟ್ಟುಬಂದರೆ ಅದು ಪಾಪ ಮಾತ್ರವಲ್ಲ, 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯಡಿ ಅಪರಾಧವೂ ಹೌದು. ಆದ್ದರಿಂದ ತರುವ ಮುನ್ನವೇ ಯೋಚಿಸುವುದು ಲೇಸು.

ಮೊದಲ ಪ್ರಶ್ನೆ: ಬೇಕಾಗಿರುವುದು ಜೊತೆಯೋ, ಕೆಲಸವೋ?

ಮಲೆನಾಡಿನ ಸಾಹಿತ್ಯದಲ್ಲಿ ನಾಯಿಗಳಿಗೆ ದೊಡ್ಡ ಸ್ಥಾನವಿದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ಗುತ್ತಿಯ ಹುಲಿಯ, ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ'ಯ ಕಿವಿ ಓದುಗರಿಗೆ ಮನೆಯ ನಾಯಿಗಳಷ್ಟೇ ಪರಿಚಿತ. ಅವು ಮನುಷ್ಯನ ಹಿಂದೆ ಕಾಡು, ಗದ್ದೆ, ತೋಟ ಸುತ್ತಿದ ನಾಯಿಗಳು. ಮೂಗಿಗೆ, ಕಾಲಿಗೆ, ಬುದ್ಧಿಗೆ ಅವಕ್ಕೆ ಕೆಲಸವಿತ್ತು. ನಗರದ ಗೇಟಿನೊಳಗಿನ ನಾಯಿಗೆ ಇಲ್ಲದಿರುವುದು ಅದೇ.

ನಾಯಿಯ ಹರೆಯ ಸುಮಾರು ಆರು ತಿಂಗಳಿನಿಂದ ಎರಡು ವರ್ಷದವರೆಗೆ. ಈ ಅವಧಿಯ ಹಾರಾಟ, ಕಚ್ಚಾಟ, ಅಗೆತಗಳಲ್ಲಿ ಬಹುಪಾಲು ವಯಸ್ಸಿನ ಗುಣ. ಹಾಗಾಗಿ ಎರಡನೆಯ ನಾಯಿಯ ಮಾತೆತ್ತುವ ಮುನ್ನ ಆರರಿಂದ ಎಂಟು ವಾರ ಒಂದು ಪ್ರಯೋಗ ಮಾಡಿ ನೋಡಬಹುದು. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ ಚುರುಕಾದ ನಡಿಗೆ. ನಡುವೆ ಮೂಸಿ ನೋಡಲು ಬಿಡುವು. ದಿನಕ್ಕೆರಡು ಬಾರಿ ಹತ್ತು ನಿಮಿಷ 'ಕೂರು', 'ಬಾ', 'ಇರು' ಎಂಬ ಪಾಠ. ಊಟದ ಒಂದು ಪಾಲನ್ನು ಬಟ್ಟೆಯಲ್ಲಿ ಸುತ್ತಿಯೋ ಅಂಗಳದಲ್ಲಿ ಚೆಲ್ಲಿಯೋ ಹುಡುಕಿ ತಿನ್ನುವಂತೆ ಮಾಡುವುದು. ಇಷ್ಟರಿಂದಲೇ ಚಪ್ಪಲಿ ಉಳಿದುಕೊಂಡರೆ ಆ ನಾಯಿಗೆ ಬೇಕಾಗಿದ್ದುದು ಮನೆಯವರ ಹೊತ್ತು, ಇನ್ನೊಂದು ನಾಯಿಯಲ್ಲ.

ಇನ್ನೊಂದು ಸೂಕ್ಷ್ಮವೂ ಉಂಟು. ಮನೆಯವರು ಹೊರಟ ಕೂಡಲೇ ಜೊಲ್ಲು ಸುರಿಸಿ, ಬಾಗಿಲು ಕೆರೆದು, ಊಳಿಡುವ ನಾಯಿಗೆ ಇರುವುದು ಮನುಷ್ಯರಿಂದ ಅಗಲುವ ಭಯ. ಈ ಭಯ ಮತ್ತೊಂದು ನಾಯಿ ಬಂದ ಮಾತ್ರಕ್ಕೆ ಸಾಮಾನ್ಯವಾಗಿ ಹೋಗುವುದಿಲ್ಲ. ಬದಲಿಗೆ ಹೊಸ ಮರಿಯೂ ಹಳೆಯದನ್ನು ನೋಡಿ ಅದನ್ನೇ ಕಲಿಯಬಹುದು. ಇದಕ್ಕೆ ಪಶುವೈದ್ಯರ ಸಲಹೆ ಪಡೆಯುವುದೇ ದಾರಿ.

ನಡಿಗೆಯೂ ಇದೆ, ಪಾಠವೂ ಆಗಿದೆ, ದಾರಿಯಲ್ಲಿ ಸಿಗುವ ಇತರ ನಾಯಿಗಳನ್ನು ಕಂಡರೆ ಬಾಲವಾಡಿಸಿ ಆಟಕ್ಕೆ ಕರೆಯುತ್ತದೆ ಎಂದಾದರೆ ಮಾತ್ರ ಜೊತೆಯ ಯೋಚನೆ ಸಾಧು.

ವಯಸ್ಸಿನ ಅಂತರ

ಮೊದಲ ನಾಯಿಗೆ ಒಂದೂವರೆಯಿಂದ ಎರಡು ವರ್ಷ ತುಂಬಿ, ಕರೆದರೆ ಬರುವಷ್ಟು, ಬೇಡವೆಂದರೆ ನಿಲ್ಲಿಸುವಷ್ಟು ಶಿಸ್ತು ಬಂದ ಮೇಲೆ ಎರಡನೆಯದನ್ನು ತರುವುದು ಉತ್ತಮ. ಹೊಸದು ಹಳೆಯದನ್ನೇ ನೋಡಿ ಕಲಿಯುತ್ತದೆ. ಗೇಟಿಗೆ ಹಾರಿ ಬೊಗಳುವುದನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಯುತ್ತದೆ ಎಂಬುದನ್ನು ಮರೆಯಬಾರದು.

ಒಂದೇ ಸೂಲಿನ ಎರಡು ಮರಿಗಳನ್ನು ಒಟ್ಟಿಗೆ ತರುವ ಆಸೆ ಹಲವರಿಗೆ. ಅವು ಒಂದಕ್ಕೊಂದು ಎಷ್ಟು ಅಂಟಿಕೊಳ್ಳಬಹುದೆಂದರೆ ಮನೆಯವರ ಮಾತಿಗೆ ಕಿವಿಗೊಡುವುದೇ ಕಡಿಮೆಯಾಗುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಆಸ್ಪತ್ರೆಗೆ ಒಯ್ಯುವುದೂ ಕಷ್ಟವಾಗುತ್ತದೆ. ಎರಡಕ್ಕೂ ಬೇರೆ ಬೇರೆ ನಡಿಗೆ, ಬೇರೆ ಬೇರೆ ಪಾಠ ಕೊಡಲು ಪುರುಸೊತ್ತಿದ್ದವರಿಗೆ ಮಾತ್ರ ಆ ಸಾಹಸ.

ಹಾಗಾದರೆ ತರುವುದು ಮರಿಯನ್ನೋ, ಬೆಳೆದ ನಾಯಿಯನ್ನೋ? ಎರಡು ತಿಂಗಳ ಮರಿ ಮೂವತ್ತು ಕಿಲೋ ತೂಗುವ ಹುರುಪಿನ ಲ್ಯಾಬ್ರಡಾರಿಗೆ ಆಟದ ಜೊತೆಯಲ್ಲ, ಆಟಿಕೆ. ಒಂದು ಗುದ್ದಿಗೆ ಮರಿಯ ಕಾಲು ಉಳುಕಬಹುದು, ಮುರಿಯಲೂಬಹುದು. ಮರಿ ತಂದರೆ ನಾಲ್ಕೈದು ತಿಂಗಳು ಕಾವಲು ಕಾಯಬೇಕು. ಒಂದರಿಂದ ಮೂರು ವರ್ಷದ, ಸ್ವಭಾವ ಈಗಾಗಲೇ ಕಾಣಿಸುತ್ತಿರುವ, ಸ್ವಲ್ಪ ಗಂಭೀರವಾದ ನಾಯಿ ಅನೇಕ ಮನೆಗಳಿಗೆ ಹೆಚ್ಚು ಒಗ್ಗುತ್ತದೆ. ಇನ್ನು, ಮನೆಯಲ್ಲಿ ಹತ್ತು ವರ್ಷದ ಮುದಿ ನಾಯಿಯೂ ಇದ್ದರೆ ಅದರ ಮೇಲೆ ಹೊಸ ಪುಂಡನನ್ನು ಹೇರುವುದು ಅನ್ಯಾಯ.

ಗಂಡೋ, ಹೆಣ್ಣೋ?

ಸಾಮಾನ್ಯವಾಗಿ ಗಂಡು–ಹೆಣ್ಣಿನ ಜೋಡಿಯಲ್ಲಿ ಜಗಳ ಕಡಿಮೆ. ಒಂದೇ ಮನೆಯ ಎರಡು ಹೆಣ್ಣು ನಾಯಿಗಳ ನಡುವೆ ವೈರ ಹುಟ್ಟಿದರೆ ಅದನ್ನು ಶಮನಗೊಳಿಸುವುದು ಬಲು ಕಷ್ಟ. ಆದರೆ ಗಂಡು–ಹೆಣ್ಣೆಂದರೆ ಇನ್ನೊಂದು ಲೆಕ್ಕವಿದೆ. ಹೆಣ್ಣು ನಾಯಿ ಆರು ತಿಂಗಳಿನಿಂದ ಒಂದು ವರ್ಷದೊಳಗೆ ಮೊದಲ ಬಾರಿ ಬೆದೆಗೆ ಬರುತ್ತದೆ, ಅನಂತರ ಸರಿಸುಮಾರು ಆರು ತಿಂಗಳಿಗೊಮ್ಮೆ. ಗರ್ಭದ ಅವಧಿ ಸುಮಾರು 63 ದಿನ. ಜೊತೆಗೆಂದು ತಂದದ್ದು ಮೂರು ತಿಂಗಳಲ್ಲಿ ಏಳೆಂಟು ಮರಿಗಳಾಗಿ, ಅವನ್ನು ಯಾರಿಗೆ ಕೊಡುವುದೆಂಬ ಪರದಾಟ ಶುರುವಾಗುತ್ತದೆ. ಆದ್ದರಿಂದ ಸಂತಾನಹರಣ ಶಸ್ತ್ರಚಿಕಿತ್ಸೆಯ ನಿರ್ಧಾರ ಎರಡನೆಯ ನಾಯಿ ಮನೆಗೆ ಬರುವ ಮುನ್ನವೇ ಆಗಿರಬೇಕು. ಯಾವ ವಯಸ್ಸಿಗೆ ಮಾಡಿಸುವುದೆಂಬುದು ತಳಿ, ಗಾತ್ರಗಳನ್ನು ಅವಲಂಬಿಸಿದ್ದು, ವೈದ್ಯರೇ ಹೇಳಬೇಕು.

ಯಾವ ಜಾತಿ ನಾಯಿ?

ಇಲ್ಲಿ ನೋಡಬೇಕಾದುದು ಚಂದವನ್ನಲ್ಲ, ಆಟದ ರೀತಿಯನ್ನು. ಮೈಮೇಲೆ ಬಿದ್ದು ಕುಸ್ತಿಯಾಡುವ ಲ್ಯಾಬ್ರಡಾರಿಗೆ ಮೂರು ಕಿಲೋ ತೂಕದ ಪೊಮೆರೇನಿಯನ್ ಜೋಡಿಯಲ್ಲ. ಗಾತ್ರ ಹೆಚ್ಚುಕಡಿಮೆ ಸಮನಿರಲಿ. ಹುರುಪು ಮಾತ್ರ ಹೊಸದಕ್ಕೆ ಒಂದು ತೂಕ ಕಡಿಮೆಯೇ ಇರಲಿ.

ಮಲೆನಾಡ ಸೆರಗಿನ ಈ ಊರುಗಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ, ಮಾರ್ಚ್–ಏಪ್ರಿಲ್‌ನಲ್ಲಿ ಕಡು ಬಿಸಿಲು. ದಟ್ಟ ಕೂದಲಿನ ಸೈಬೀರಿಯನ್ ಹಸ್ಕಿ, ಸೇಂಟ್ ಬರ್ನಾರ್ಡ್‌ಗಳಿಗೆ ಈ ಹವೆ ಹಿಂಸೆ. ಮಳೆಗಾಲದಲ್ಲಿ ಚರ್ಮರೋಗ ಬಿಡದೆ ಕಾಡಬಹುದು. ಚಪ್ಪಟೆ ಮೂತಿಯ ಪಗ್, ಬುಲ್‌ಡಾಗ್‌ಗಳು ಸೆಕೆಯಲ್ಲಿ ಓಡಿದರೆ ಉಸಿರಿಗೆ ಒದ್ದಾಡುತ್ತವೆ. ಚೂಟಿ ನಾಯಿಯ ಜೊತೆಗೆ ಅವು ಹೇಳಿಸಿದ್ದಲ್ಲ.

ಕನ್ನಡ ನಾಡಿನದೇ ಆದ ಮುಧೋಳ ನಾಯಿಯ ಬಗ್ಗೆ ಈಗ ಒಲವು ಹೆಚ್ಚಿದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಧೀನದಲ್ಲಿ ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಈ ತಳಿಯ ಸಂಶೋಧನಾ ಕೇಂದ್ರವೇ ಇದೆ. 2005ರಲ್ಲಿ ಅಂಚೆ ಇಲಾಖೆ ಇದರ ಚೀಟಿ ಹೊರತಂದಿತು. ತೆಳುಮೈ, ಗಿಡ್ಡ ಕೂದಲು, ಗಟ್ಟಿ ಆರೋಗ್ಯ ಎಲ್ಲವೂ ಸರಿ. ಆದರೆ ಇದು ಕಣ್ಣಿಗೆ ಬಿದ್ದುದನ್ನು ಅಟ್ಟಿ ಹಿಡಿಯುವ ಬೇಟೆನಾಯಿ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ಗಳಂತೆ ಸುತ್ತ ಅಂಗಳವಿದ್ದು, ಬೇಲಿ ಎತ್ತರವಾಗಿದ್ದು, ದಿನವೂ ಓಡಿಸಲು ಬಯಲಿದ್ದರೆ ಸರಿ. ಮನೆಯಲ್ಲಿ ಬೆಕ್ಕು, ಪಕ್ಕದಲ್ಲಿ ಕೋಳಿಗಳಿದ್ದರೆ ಎರಡು ಸಲ ಯೋಚಿಸಬೇಕು.

ಜನ 'ಕಂತ್ರಿ' ಎಂದು ಮೂಗು ಮುರಿಯುವ ನಾಡನಾಯಿಯನ್ನು ಮೊದಲೇ ತಳ್ಳಿಹಾಕುವುದು ಸಲ್ಲ. ಗಾತ್ರ ಮಧ್ಯಮ, ಕೂದಲು ಗಿಡ್ಡ, ಈ ಹವೆಗೆ ಹುಟ್ಟಿನಿಂದಲೇ ಒಗ್ಗಿದ್ದು. ಬೀದಿಯಲ್ಲಿ ಬೆಳೆದದ್ದಕ್ಕೆ ಇತರ ನಾಯಿಗಳ ಸನ್ನೆ ಓದಲು ಬರುತ್ತದೆ. ಹುಡುಗಾಟ ಮಿತಿ ಮೀರಿದರೆ ಒಂದು ಗುರ್ ಎಂಬ ಸದ್ದಿನಲ್ಲಿ ತಿದ್ದುತ್ತದೆ. ಬೀದಿನಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ನೀಡಿದ ಆದೇಶದಲ್ಲೂ ದತ್ತು ಪಡೆಯಲು ಅವಕಾಶವಿದೆ. ದತ್ತು ಪಡೆದ ನಾಯಿ ಮತ್ತೆ ಬೀದಿಗೆ ಬೀಳದಂತೆ ನೋಡಿಕೊಳ್ಳುವುದು ಪಡೆದವರ ಹೊಣೆಯೆಂದೂ ಅದು ಹೇಳಿದೆ.

ಹಣ ಕೊಟ್ಟು ಕೊಳ್ಳುವವರು 2017ರ ನಾಯಿ ಸಂತಾನಾಭಿವೃದ್ಧಿ ಮತ್ತು ಮಾರಾಟ ನಿಯಮಗಳನ್ನು ತಿಳಿದಿರಬೇಕು. ಅವುಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ತಾಯಿಯನ್ನೂ ಮರಿ ಬೆಳೆದ ಜಾಗವನ್ನೂ ತೋರಿಸಲು ಒಪ್ಪದವರ ಬಳಿ ವ್ಯವಹಾರ ಬೇಡ. ಇನ್ನು ರಾಟ್‌ವೀಲರ್, ಪಿಟ್‌ಬುಲ್ ಮುಂತಾದ 23 ತಳಿಗಳನ್ನು ನಿಷೇಧಿಸಿ ಕೇಂದ್ರ 2024ರ ಮಾರ್ಚ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಅದೇ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ಆದರೂ ಬಲಿಷ್ಠ ಕಾವಲು ನಾಯಿಗಳೆರಡನ್ನು ಚಿಕ್ಕ ಮನೆಯಲ್ಲಿ ಒಟ್ಟಿಗಿಡುವುದು ಅನುಭವವಿಲ್ಲದವರ ಕೆಲಸವಲ್ಲ.

ಆರೋಗ್ಯದ ಲೆಕ್ಕ

ಹೊಸ ನಾಯಿ ಹೊಸಿಲು ದಾಟುವ ಮುನ್ನ ವೈದ್ಯರ ಪರೀಕ್ಷೆ ಆಗಲೇಬೇಕು. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಭದ್ರಾವತಿಯವರಿಗೂ ಅದು ಸುಮಾರು ಇಪ್ಪತ್ತು ಕಿಲೋಮೀಟರ್ ದೂರವಷ್ಟೆ.

ಮರಿಗೆ ಡಿಸ್ಟೆಂಪರ್, ಪಾರ್ವೊ ಮೊದಲಾದವುಗಳ ಸಂಯುಕ್ತ ಲಸಿಕೆ ಆರರಿಂದ ಎಂಟು ವಾರಕ್ಕೆ ಆರಂಭವಾಗಿ, ಹದಿನಾರು ವಾರದವರೆಗೆ ಮೂರು–ನಾಲ್ಕು ವಾರಕ್ಕೊಮ್ಮೆ ಬೀಳಬೇಕು. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ, ಬಳಿಕ ವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನಾಗಲಿ ನಾಯಿಯಾಗಲಿ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಜೀವಂತವಿರಬಲ್ಲದು. ಹಿಂದೆ ಆ ರೋಗದಿಂದ ನಾಯಿ ಸತ್ತ ಮನೆಗೆ ಲಸಿಕೆ ಪೂರ್ಣವಾಗದ ಮರಿಯನ್ನು ತರಬಾರದು. ಬಂದ ನಾಯಿಯನ್ನು ಹತ್ತರಿಂದ ಹದಿನಾಲ್ಕು ದಿನ ಬೇರೆ ಕೋಣೆಯಲ್ಲಿ, ಬೇರೆ ತಟ್ಟೆಯಲ್ಲಿ ಇರಿಸುವುದು ಸುರಕ್ಷಿತ.

ಉಣುಗಿನ ಕಾಟವನ್ನು ಇಲ್ಲಿ ಹಗುರವಾಗಿ ಕಾಣುವಂತಿಲ್ಲ. ಉಣುಗು ಕಚ್ಚಿ ಬರುವ ಜ್ವರಗಳಿಂದ ನಾಯಿ ರಕ್ತಹೀನತೆಗೆ ಗುರಿಯಾಗಿ ಸಾಯುವುದುಂಟು. ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯೂ ಉಣುಗಿನಿಂದಲೇ ಮನುಷ್ಯರಿಗೆ ಹರಡುವಂಥದು. ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. ಆ ದಿನಗಳಲ್ಲಿ ನಾಯಿಗಳನ್ನು ಕಾಡಂಚಿಗೆ ಬಿಟ್ಟರೆ ಅವು ಉಣುಗುಗಳನ್ನು ಮನೆಗೆ ಹೊತ್ತು ತರಬಹುದು. ಕಾಡಂಚಿನ ಮನೆಗಳಲ್ಲಿ ರಾತ್ರಿ ಹೊರಗೆ ಕಟ್ಟಿದ ನಾಯಿಗೆ ಚಿರತೆಯ ಭಯವೂ ಇದೆ. ನಾಯಿ ಎರಡಾದ ಮಾತ್ರಕ್ಕೆ ಅದು ತಪ್ಪುವುದಿಲ್ಲ. ಮಳೆಗಾಲದಲ್ಲಿ ನಿಂತ ನೀರು ಕುಡಿದರೆ ಇಲಿಜ್ವರ ಬರಬಹುದು. ಅದಕ್ಕೂ ಲಸಿಕೆ ಇದೆ.

ಖರ್ಚು ಇಮ್ಮಡಿ ಎಂದೇ ತಿಳಿಯಬೇಕು. 25 ಕಿಲೋ ತೂಕದ ನಾಯಿಯೊಂದಕ್ಕೆ ದಿನಕ್ಕೆ ಸುಮಾರು 1,200 ಕ್ಯಾಲೊರಿ ಆಹಾರ ಬೇಕು. ಮನೆಯಲ್ಲಿ ಉಳಿದ ಅನ್ನ–ಸಾರಿನಲ್ಲಿ ಎರಡು ನಾಯಿ ಸಾಕುವ ಮಾತು ಸಲ್ಲದು. ಈರುಳ್ಳಿ ಬಿದ್ದ ಹುಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಕೋಳಿ ಮೂಳೆ ಯಾವ ನಾಯಿಗೂ ಕೂಡದು.

ಪರಿಚಯ ಮಾಡಿಸುವ ಬಗೆ

ಮೊದಲ ಭೇಟಿ ಮನೆಯೊಳಗೆ ಬೇಡ. ಎರಡಕ್ಕೂ ಹೊಸದಾದ ಖಾಲಿ ಮೈದಾನವೋ ಸದ್ದಿಲ್ಲದ ರಸ್ತೆಯೋ ಆಗಬಹುದು. ಇಬ್ಬರು ಒಂದೊಂದು ನಾಯಿಯನ್ನು ಹಿಡಿದು, ನಡುವೆ ಹದಿನೈದು–ಇಪ್ಪತ್ತು ಅಡಿ ಬಿಟ್ಟು, ಒಂದೇ ದಿಕ್ಕಿಗೆ ನಡೆಯಬೇಕು. ಹಗ್ಗ ಸಡಿಲವಾಗಿರಲಿ, ಬಿಗಿದು ಎಳೆದರೆ ನಾಯಿಗೆ ಅಪಾಯದ ಸೂಚನೆ ಸಿಕ್ಕಂತಾಗುತ್ತದೆ. ಹತ್ತು ನಿಮಿಷದ ಬಳಿಕ ಅಂತರ ತಗ್ಗಿಸಿ, ಪಕ್ಕದಿಂದ ಮೂಸಲು ಬಿಡಬಹುದು. ಮೂತಿಗೆ ಮೂತಿ ತಂದು ನಿಲ್ಲಿಸಬಾರದು.

ಮುಂಗಾಲು ಚಾಚಿ ಹಿಂಭಾಗ ಎತ್ತುವುದು, ಒಮ್ಮೆ ಇದು ಅಟ್ಟಿದರೆ ಇನ್ನೊಮ್ಮೆ ಅದು ಅಟ್ಟುವುದು, ನಡುನಡುವೆ ನಿಂತು ಮೈಕೊಡವುವುದು ಒಳ್ಳೆಯ ಆಟದ ಗುರುತು. ಮೈ ಸೆಟೆದು, ಕಣ್ಣು ನೆಟ್ಟು, ಬೆನ್ನ ಕೂದಲು ನಿಗುರಿದರೆ ಮಾತಿಲ್ಲದೆ ದೂರ ಕರೆದೊಯ್ಯಬೇಕು. ಜಗಳವೇ ಹತ್ತಿದರೆ ನಡುವೆ ಕೈ ಹಾಕಬಾರದು. ನೀರು ಎರಚಿ, ಹಲಗೆ ಅಡ್ಡ ಹಿಡಿದು ಬಿಡಿಸಬೇಕು.

ಮನೆಯಲ್ಲಿ ತಟ್ಟೆ ಎರಡು, ಹಾಸಿಗೆ ಎರಡು, ಊಟದ ಜಾಗವೂ ಎರಡು. ಮೊದಲ ಕೆಲವು ವಾರ ಮನೆಯಲ್ಲಿ ಯಾರೂ ಇಲ್ಲದಾಗ ಎರಡನ್ನೂ ಒಟ್ಟಿಗೆ ಬಿಡಬಾರದು. ಹೊಸ ನಾಯಿ ಮನೆಗೆ ಒಗ್ಗಲು ಮೂರು ತಿಂಗಳಾದರೂ ಕೊಡಬೇಕು. ದೀಪಾವಳಿಯ ಪಟಾಕಿ, ಗಣಪತಿ ಮೆರವಣಿಗೆಯ ಸದ್ದು ಇರುವ ವಾರಗಳನ್ನು ಇದಕ್ಕೆ ಆರಿಸಿಕೊಳ್ಳಬಾರದು.

ತರದಿರುವುದೇ ಲೇಸಾದಾಗ

ಬಾಡಿಗೆ ಮನೆಯ ಯಜಮಾನರ ಒಪ್ಪಿಗೆ ಇಲ್ಲದಿದ್ದರೆ, ವರ್ಗಾವಣೆಯ ನೌಕರಿಯಾಗಿದ್ದರೆ, ಮೊದಲ ನಾಯಿಗೇ ನಡಿಗೆ ತಪ್ಪುತ್ತಿದ್ದರೆ, ಅದು ಬೇರೆ ನಾಯಿಗಳ ಮೇಲೆ ಎರಗುವ ಸ್ವಭಾವದ್ದಾಗಿದ್ದರೆ ಎರಡನೆಯದರ ಆಸೆ ಬಿಡುವುದೇ ವಿವೇಕ. ಅಂಥವರು ಗೆಳೆಯರ ಮನೆಯ ಸಾಧು ನಾಯಿಯೊಂದಿಗೆ ವಾರಕ್ಕೆ ಎರಡು ಸಲ ಆಟದ ಏರ್ಪಾಡು ಮಾಡಿಕೊಳ್ಳಬಹುದು. ತರಲು ನಿರ್ಧರಿಸಿದವರಿಗೂ ಇದೇ ಒಳ್ಳೆಯ ಪರೀಕ್ಷೆ. ಆ ನಾಯಿಯನ್ನು ಒಂದು ವಾರ ಮನೆಯಲ್ಲಿ ಇರಿಸಿಕೊಂಡು ನೋಡಿದರೆ ಎರಡು ನಾಯಿಗಳ ಮನೆಯೆಂದರೆ ಏನೆಂಬುದು ತಾನಾಗಿ ತಿಳಿಯುತ್ತದೆ. ಆ ವಾರದ ಕೊನೆಗೆ ಮನೆಯವರೆಲ್ಲರೂ 'ಇನ್ನೂ ನಾಲ್ಕು ದಿನ ಇರಲಿ' ಎಂದರೆ ಎರಡನೆಯ ನಾಯಿಗೆ ಆ ಮನೆಯಲ್ಲಿ ಜಾಗವಿದೆ ಎಂದರ್ಥ.