ರನ್ನನ ಮರುಳು, ಸಂತೆಕಲ್ಲೂರಿನ ಮಳ್ಳ

ರಾಯಚೂರು ಸೀಮೆಯ ಸಂತೆಕಲ್ಲೂರಿನ ಕಡೆ ಯಾರನ್ನಾದರೂ ‘ಮಳ್ಳ’ ಎಂದರೆ ಜಗಳ ಹತ್ತುವುದಿಲ್ಲ. ಬೈಗುಳಗಳ ಸಾಲಿನಲ್ಲಿ ಅದು ತೀರ ಮೆತ್ತನೆಯದು. ತಾಯಿ ಮಗನಿಗೆ ಅನ್ನುತ್ತಾಳೆ, ಗೆಳೆಯ ಗೆಳೆಯನಿಗೆ ಅನ್ನುತ್ತಾನೆ, ಸಂತೆಯಲ್ಲಿ ಎರಡು ರೂಪಾಯಿ ಹೆಚ್ಚು ಕೊಟ್ಟು ಬಂದ ಗಂಡನಿಗೆ ಹೆಂಡತಿ ಅನ್ನುತ್ತಾಳೆ: ‘ಮಳ್ಳ ಅದೀ ಏನು?’ ಏನೂ ತಿಳಿಯದವನೂ ಮಳ್ಳ, ಎಲ್ಲ ತಿಳಿದೂ ತಿಳಿಯದವನಂತೆ ಕೂತವನೂ ಮಳ್ಳ. ‘ಮಳ್ಳನಂಗ ಕುಂತಾನ ನೋಡು’ ಎಂದರೆ ಅವನ ಹೊಟ್ಟೆಯೊಳಗೆ ಬೇರೆ ಏನೋ ಇದೆ ಎಂದೇ ಅರ್ಥ. ಮಂಚಕ್ಕೆಷ್ಟು ಕಾಲು ಎಂದು ಕೇಳಿದರೆ ಮೂರು ಮತ್ತೊಂದು ಎನ್ನುವ ಗಾದೆಯ ‘ಮಳ್ಳಿ’ ಈ ಎರಡನೆಯ ಜಾತಿಯವಳು. ನಾಲ್ಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತು.

ಈ ಮಳ್ಳ ಎಲ್ಲಿಂದ ಬಂದ? ನಮ್ಮ ಭಾಗದ ಬಾಯಿಗೆ ಒಂದು ಪದ್ಧತಿಯಿದೆ. ರಕಾರದ ಬೆನ್ನಿಗೆ ಳಕಾರ ಬಂದರೆ ನಡುವಿನ ಸ್ವರ ಬಿದ್ದುಹೋಗಿ, ರಕಾರವೂ ಳಕಾರದಲ್ಲಿ ಕರಗುತ್ತದೆ. ಹೊರಳಿ ನೋಡು ಎನ್ನುವುದು ‘ಹೊಳ್ಳಿ ನೋಡು’ ಆಗುತ್ತದೆ, ಕರುಳು ‘ಕಳ್ಳು’ ಆಗುತ್ತದೆ, ಮರಳಿ ಬಾ ಎನ್ನುವುದು ‘ಮಳ್ಳಿ ಬಾ’ ಆಗುತ್ತದೆ. ಅದೇ ದಾರಿಯಲ್ಲಿ ನಡೆದರೆ ಮಳ್ಳನ ಹಿಂದೆ ನಿಂತಿರುವವನು ‘ಮರುಳ’. ಅವನ ಹಿಂದೆ ಹಳಗನ್ನಡದ ‘ಮರುಳ್’. ಸಂತೆಯಲ್ಲಿ ಮೋಸಹೋದ ಬಡಪಾಯಿಯ ಪೂರ್ವಜನನ್ನು ಹುಡುಕುತ್ತ ಸಾವಿರ ವರ್ಷ ಹಿಂದೆ ಹೋದರೆ ಸಿಗುವುದು ಪೆದ್ದನಲ್ಲ. ರಣರಂಗದಲ್ಲಿ ಹೆಣ ತಿಂದು ರಕ್ತ ಕುಡಿಯುವ ಪಿಶಾಚಿ.

ಹಳಗನ್ನಡ ಕಾವ್ಯದಲ್ಲಿ ಯುದ್ಧ ಮುಗಿಯಿತೆಂದರೆ ಮರುಳುಗಳಿಗೆ ಹಬ್ಬ. ಆ ಹಬ್ಬವನ್ನು ಎಲ್ಲರಿಗಿಂತ ಜೀವಂತವಾಗಿ ಕಂಡವನು ರನ್ನ. 949ರಲ್ಲಿ ಮುದುವೊಳಲಿನ, ಅಂದರೆ ಈಗಿನ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿದವನು. 993ರಲ್ಲಿ ‘ಅಜಿತಪುರಾಣ’ ಬರೆದವನು. ಚಾಲುಕ್ಯ ತೈಲಪ ಮತ್ತು ಅವನ ಮಗ ಸತ್ಯಾಶ್ರಯ ಇರಿವಬೆಡಂಗನ ಆಸರೆಯಲ್ಲಿದ್ದವನು. ಅವನ ‘ಗದಾಯುದ್ಧ’ದಲ್ಲಿ ದುರ್ಯೋಧನ ಎಲ್ಲವನ್ನೂ ಕಳೆದುಕೊಂಡು, ಸಂಜಯನ ಜೊತೆ ಕಾಲ್ನಡಿಗೆಯಲ್ಲಿ, ಶರಶಯ್ಯೆಯ ಮೇಲಿರುವ ಭೀಷ್ಮನನ್ನು ಕಾಣಲು ಹೊರಡುತ್ತಾನೆ. ದಾರಿಯೆಂದರೆ ಹೆಣಗಳ ದಾರಿ. ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಒಬ್ಬೊಬ್ಬರಾಗಿ ಕಣ್ಣಿಗೆ ಬೀಳುತ್ತಾರೆ. ಓದುವವರ ಗಂಟಲು ಕಟ್ಟುವ ಭಾಗವಿದು. ಇದರ ನಡುವೆಯೇ ರನ್ನ ಮರುಳುಗಳನ್ನು ತಂದು ಬಿಡುತ್ತಾನೆ. ಅವು ಹನ್ನೊಂದು ಅಕ್ಷೋಹಿಣಿಯ ಒಡೆಯನಿಗೆ ಹೆದರುವುದಿಲ್ಲ. ಅವನನ್ನು ಗೇಲಿ ಮಾಡುತ್ತವೆ. ಮರುಳು ಯಾರು, ನಾನೋ ನೀನೋ ಎಂಬ ಧಾಟಿಯಲ್ಲಿ ಒಂದು ಪಿಶಾಚಿ ಚಕ್ರವರ್ತಿಗೇ ಎದುರುತ್ತರ ಕೊಡುತ್ತದೆ. ಹಿರಿಯರ ಮಾತು ಕೇಳದೆ ಕುಲವನ್ನೇ ಕೊಲ್ಲಿಸಿದವನು ಮರುಳೋ, ಹಸಿವಾದಾಗ ತಿನ್ನುವ ತಾನು ಮರುಳೋ ಎನ್ನುವುದು ಅದರ ವಾದದ ತಿರುಳು.

ಈ ಒಂದು ಪೆಟ್ಟಿನಲ್ಲಿ ಪದದ ಎರಡು ಅರ್ಥಗಳೂ ಒಟ್ಟಿಗೆ ಸದ್ದು ಮಾಡುತ್ತವೆ. ಮರುಳು ಎಂದರೆ ಪಿಶಾಚಿ, ಮರುಳು ಎಂದರೆ ಮತಿಗೆಟ್ಟವನು. ರನ್ನನ ಕಾಲದ ಕೇಳುಗನಿಗೆ ಎರಡೂ ದಿನಬಳಕೆಯ ಅರ್ಥಗಳಾಗಿದ್ದುದರಿಂದಲೇ ಈ ನಗು ಸಾಧ್ಯವಾಯಿತು. ಇಂದಿನ ಓದುಗನಿಗೆ ಅಡಿಟಿಪ್ಪಣಿ ಬೇಕು. ಅಡಿಟಿಪ್ಪಣಿ ಓದಿ ನಗುವುದು ಕಷ್ಟ.

ಈ ನಗೆ ಅಲ್ಲಿ ಇರಬೇಕಿತ್ತೇ ಎಂಬುದರಲ್ಲಿ ಓದುಗರು ಎರಡು ಪಕ್ಷವಾಗುತ್ತಾರೆ. ಮಗನ ಹೆಣದ ಮುಂದೆ ಅಳುತ್ತಿರುವವನ ಸುತ್ತ ಹಾಸ್ಯವೇಕೆ, ಅದು ಕರುಣೆಯನ್ನು ಕಲಕುವುದಿಲ್ಲವೇ ಎನ್ನುವವರಿದ್ದಾರೆ. ಅವರ ಬೆನ್ನಿಗೆ ಶಾಸ್ತ್ರವೂ ಇದೆ. ಹದಿನಾಲ್ಕನೆಯ ಶತಮಾನದ ವಿಶ್ವನಾಥ ತನ್ನ ‘ಸಾಹಿತ್ಯದರ್ಪಣ’ದಲ್ಲಿ ಹಾಸ್ಯಕ್ಕೆ ಭಯಾನಕವೂ ಕರುಣವೂ ವಿರೋಧಿ ರಸಗಳೆಂದು ಹೇಳುತ್ತಾನೆ. ರನ್ನ ಅವೆರಡನ್ನೂ ಹಾಸ್ಯದೊಡನೆ ಒಂದೇ ಬಯಲಿನಲ್ಲಿ ನಿಲ್ಲಿಸಿದ್ದಾನೆ. ನಾನು ಎರಡನೆಯ ಪಕ್ಷದವನು. ಮರುಳಿನ ಗೇಲಿ ದುರ್ಯೋಧನನ ದುಃಖವನ್ನು ಹಗುರ ಮಾಡುವುದಿಲ್ಲ, ಅದಕ್ಕೆ ಉಳಿದಿದ್ದ ಕೊನೆಯ ಗೌರವವನ್ನೂ ಕಿತ್ತುಕೊಳ್ಳುತ್ತದೆ. ಅರಸನ ಮುಂದೆ ಸತ್ಯ ಹೇಳಬಲ್ಲವರೆಲ್ಲ ಸತ್ತಿದ್ದಾರೆ ಅಥವಾ ಬಾಣದ ಹಾಸಿಗೆಯಲ್ಲಿದ್ದಾರೆ. ಉಳಿದದ್ದು ಪಿಶಾಚಿ ಒಂದೇ. 1926ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ರನ್ನನ ಪದ್ಯಗಳನ್ನೇ ಆಯ್ದು ‘ಗದಾಯುದ್ಧ ನಾಟಕಂ’ ಕಟ್ಟಿ, ದುರ್ಯೋಧನನನ್ನು ಗ್ರೀಕ್ ದುರಂತನಾಯಕರ ಸಾಲಿಗೆ ತಂದರು. ಆ ಎತ್ತರ ಅವನಿಗೆ ನ್ಯಾಯವಾದದ್ದೇ. ಆದರೆ ಗ್ರೀಕರಲ್ಲಿ ಕಾಣದ ಒಂದು ಸಂಗತಿ, ಸೋತವನ ಕಾಲ ಬುಡದಲ್ಲಿ ನಗುವ ರಕ್ತಪಾಯಿ, ನಮ್ಮವನಲ್ಲಿದೆ. ಅದನ್ನೂ ಅಷ್ಟೇ ಹೆಮ್ಮೆಯಿಂದ ಹೇಳಬೇಕು.

ಉತ್ತರ ಕರ್ನಾಟಕದ ಹಳ್ಳಿಗಳಿಗೆ ಈ ರಣರಂಗ ಪರಕೀಯವಲ್ಲ. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ ನಾಟಕವನ್ನು ರಾತ್ರಿಯಿಡೀ ಕೂತು ನೋಡಿದ ಜನ ಇಲ್ಲಿನವರು. ಇನ್ನೂ ಹತ್ತಿರದ ಸಂಬಂಧವೊಂದಿದೆ. ಸಂತೆಕಲ್ಲೂರು ಈಗ ಸೇರಿರುವ ತಾಲ್ಲೂಕಿನ ಕೇಂದ್ರ ಮಸ್ಕಿ. 1915ರಲ್ಲಿ ಅಶೋಕನ ಹೆಸರಿರುವ ಶಿಲಾಶಾಸನ ಸಿಕ್ಕ ಮೇಲೆ ಮಸ್ಕಿ ಎಂದರೆ ಎಲ್ಲರಿಗೂ ಅಶೋಕನೇ ನೆನಪು. ಆದರೆ 1020ರ ಆಸುಪಾಸಿನಲ್ಲಿ ರಾಜೇಂದ್ರ ಚೋಳನಿಗೂ ಚಾಲುಕ್ಯ ಜಯಸಿಂಹನಿಗೂ ನಡೆದ ದೊಡ್ಡ ಕಾಳಗದ ಸ್ಥಳವಾಗಿ ಚೋಳರ ಶಾಸನಗಳು ಹೇಳುವ ‘ಮುಯಂಗಿ’ಯನ್ನು ಅನೇಕ ಇತಿಹಾಸಕಾರರು ಇದೇ ಮಸ್ಕಿಯೆಂದು ಗುರುತಿಸಿದ್ದಾರೆ. ಆ ಜಯಸಿಂಹ, ರನ್ನ ತನ್ನ ಕಾವ್ಯದಲ್ಲಿ ಭೀಮನೆಂದು ಕೊಂಡಾಡಿದ ಸತ್ಯಾಶ್ರಯನ ತಮ್ಮನ ಮಗ. ರನ್ನನ ಕಾವ್ಯವನ್ನು ಆಸ್ಥಾನದಲ್ಲಿ ಕೇಳಿದವರ ಕುಟುಂಬ ಒಂದು ತಲೆಮಾರಿನೊಳಗೆ ಇಲ್ಲಿ, ಈ ಎರೆಮಣ್ಣಿನ ಮೇಲೆ, ನಿಜವಾದ ಹೆಣಗಳ ನಡುವೆ ನಿಂತಿತ್ತು. ಮರುಳು ಅವರ ಪಾಲಿಗೆ ಬರೀ ಅಲಂಕಾರದ ಮಾತಾಗಿರಲಿಲ್ಲ.

ಪಿಶಾಚಿ ಮೊದಲೋ, ಮತಿಭ್ರಮೆ ಮೊದಲೋ? ಒಡಹುಟ್ಟಿದ ನುಡಿಗಳನ್ನು ಕೇಳಿದರೆ ಉತ್ತರ ಸಿಗುತ್ತದೆ. ತಮಿಳಿನಲ್ಲಿ ಮರುಳ್ ಎಂದರೆ ಮುಖ್ಯವಾಗಿ ಮತಿಯ ಕಲಕಾಟ, ಭ್ರಾಂತಿ. ಅಲ್ಲಿನ ಭಕ್ತಿಸಾಹಿತ್ಯದಲ್ಲಿ ದೇವರ ಅರುಳ್, ಎಂದರೆ ಕೃಪೆ, ಒಂದು ಕಡೆ, ಮರುಳ್ ಇನ್ನೊಂದು ಕಡೆ ನಿಲ್ಲುತ್ತವೆ. ತುಳುವಿನಲ್ಲಿ ಮರ್ಲ್ ಎಂದರೆ ಹುಚ್ಚು. ತೆಲುಗಿನಲ್ಲಿ ಮರುಲು ಎಂದರೆ ಮೋಹ, ಪ್ರೀತಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹಿಡಿದು ಬಂದು ಸಿಂಧನೂರಿನ ಸುತ್ತ ಕ್ಯಾಂಪುಗಳನ್ನು ಕಟ್ಟಿಕೊಂಡ ಆಂಧ್ರದ ರೈತರ ಹಾಡುಗಳಲ್ಲಿ ಮರುಲುಗೊಂಡವರು ಪ್ರೇಮಿಗಳು. ಅವರ ಕ್ಯಾಂಪಿನ ಪಕ್ಕದ ಊರಿನಲ್ಲಿ ಅದೇ ಪದ ಮಳ್ಳನಾಗಿ ತಿರುಗಾಡುತ್ತಿದೆ. ನಾಲ್ಕೂ ಕಡೆ ಸಮಾನವಾಗಿರುವುದು ಮನಸ್ಸು ತನ್ನ ಹಿಡಿತ ತಪ್ಪುವುದು. ಹಾಗಾಗಿ ಬೇರು ಅದೇ ಎಂದು ನಾನು ನಂಬುತ್ತೇನೆ. ಮನಸ್ಸಿನ ಹಿಡಿತ ತಪ್ಪಿಸುವ ಶಕ್ತಿಗೆ ಕನ್ನಡ ಕವಿಗಳು ಕೈಕಾಲು, ಹಲ್ಲು, ಹಸಿವು ಕೊಟ್ಟು ನಿಲ್ಲಿಸಿದರು, ಅದು ಪಿಶಾಚಿಯಾಯಿತು. ಪಿಶಾಚಿ ಬಡಿದವನೂ ಮರುಳಾದ.

ಆಮೇಲೆ ಕಲ್ಯಾಣದಲ್ಲಿ ಈ ಪದಕ್ಕೆ ಯಾರೂ ನಿರೀಕ್ಷಿಸದ ಮಾನ ಸಿಕ್ಕಿತು. ಮರುಳಶಂಕರದೇವ ಎಂಬ ಶರಣ ಬಸವಣ್ಣನ ಮಹಾಮನೆಯಲ್ಲಿ, ಪ್ರಸಾದ ಚೆಲ್ಲುವ ಕುಂಡದ ಬಳಿ, ಹುಚ್ಚನಂತೆ ಹನ್ನೆರಡು ವರ್ಷ ಇದ್ದನೆಂದೂ, ಅಲ್ಲಮಪ್ರಭು ಬಂದು ಗುರುತಿಸುವವರೆಗೆ ಅವನ ನಿಜ ಯಾರಿಗೂ ತಿಳಿಯಲಿಲ್ಲವೆಂದೂ ‘ಶೂನ್ಯಸಂಪಾದನೆ’ ಹೇಳುತ್ತದೆ. ಜನ ಯಾವ ಹೆಸರಿನಿಂದ ಅವನನ್ನು ಬದಿಗೆ ಸರಿಸಿದರೋ ಅದೇ ಹೆಸರು ‘ದೇವ’ ಎಂಬುದನ್ನು ಸೇರಿಸಿಕೊಂಡು ಪೂಜ್ಯವಾಯಿತು. ಉಜ್ಜಿನಿಯ ಮರುಳಸಿದ್ಧನ ಹೆಸರಂತೂ ಮಧ್ಯ ಕರ್ನಾಟಕದ ಮನೆಮನೆಗಳಲ್ಲಿ ಮರುಳಸಿದ್ದಪ್ಪ, ಮರುಳಸಿದ್ದಯ್ಯ ಎಂದು ಇಂದಿಗೂ ಮಕ್ಕಳಿಗೆ ಇಡುವ ಹೆಸರು. ಹೆತ್ತವರು ಮಗುವಿಗೆ ಇಡುವ ಹೆಸರಿನೊಳಗೆ ರಣಪಿಶಾಚಿಯ ಸುಳಿವು ಯಾರಿಗೂ ತಾಗುವುದಿಲ್ಲ. ಸಂತೆಕಲ್ಲೂರು ಸ್ವತಃ ಮಠದ ಊರು. ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದ ಘನಮಠ ಶಿವಯೋಗಿಗಳ ಊರು. ಬೇಸಾಯದ ಅನುಭವವನ್ನೆಲ್ಲ ಪುಸ್ತಕ ಮಾಡಿಟ್ಟ ಶಿವಯೋಗಿಯ ಊರಿನ ಹೊಲಗಳನ್ನೂ ಈ ಪದ ಬಿಟ್ಟಿಲ್ಲ. ಬಟ್ಟೆಗೆ, ಕುರಿಯ ಉಣ್ಣೆಗೆ ಅಂಟಿ ಬಿಡದೆ ಬರುವ ಮುಳ್ಳುಕಾಯಿಯ ಕಳೆಗೆ ಕನ್ನಡದಲ್ಲಿ ಮರುಳುಮಾತಂಗಿ ಎಂದೇ ಹೆಸರು. ತೆಲುಗಿನವರೂ ಅದನ್ನು ಮರುಲಮಾತಂಗಿ ಎನ್ನುತ್ತಾರೆ.

ಉಳಿದ ಸಂಸಾರವನ್ನು ಬೇಗ ನೋಡಿಬಿಡಬಹುದು. ದಾಸರ ಪದಗಳಲ್ಲಿ ಮಾಯೆ ಮಾಡುವುದು ಮರುಳು. ಮುದಿತನದ ಮಬ್ಬಿಗೆ ಅರುಳುಮರುಳು. ಇಲ್ಲಿ ತಮಿಳಿನ ಎದುರಾಳಿಗಳಂತೆ ಕಾಣುವ ಎರಡು ಸದ್ದುಗಳು ಒಂದೇ ಮಬ್ಬಿನಲ್ಲಿ ಕೂಡಿಕೊಂಡಿವೆ. ಜಾತ್ರೆಯ ಗಾದೆ, ಜನ ಮರುಳೋ ಜಾತ್ರೆ ಮರುಳೋ, ಎಲ್ಲರ ಬಾಯಲ್ಲಿದೆ. ಡಿ.ವಿ.ಜಿ. ಅವರ ನಿಧನದ ನಂತರ ಹೊರಬಂದ ಎರಡನೆಯ ಕಗ್ಗದ ಹೆಸರು ‘ಮರುಳ ಮುನಿಯನ ಕಗ್ಗ’. ಇವುಗಳಲ್ಲಿ ಎಲ್ಲಿಯೂ ಪಿಶಾಚಿ ಇಲ್ಲ. ಹಲ್ಲು ಕಳಚಿ, ಉಗುರು ಕಳಚಿ, ಕೊನೆಗೆ ರಕಾರವನ್ನೂ ಕಳಚಿ ಅದು ಸಂತೆಯ ಮಳ್ಳನಾಯಿತು.

ಈ ಪದದ ಬೆನ್ನು ಹತ್ತಲು ಒಂದು ಕಾರಣವಿದೆ. ಇಂಗ್ಲೆಂಡಿನ ರೀಜೆನ್ಸಿ ಕಾಲದಲ್ಲಿ ಕಥೆಯನ್ನಿಟ್ಟು, ಗೌನು ತೊಟ್ಟ ಹೆಂಗಸರು, ಎತ್ತರದ ಕಾಲರಿನ ಗಂಡಸರು ರಕ್ತ ಹೀರುವ ವ್ಯಾಂಪೈರುಗಳನ್ನು ಬೇಟೆಯಾಡುವ ನಗೆಯ ಚಿತ್ರಕಾದಂಬರಿಗಳು ಈಗ ಬರುತ್ತಿವೆ. ಓದಿದವರ ಅಭಿಪ್ರಾಯಗಳು ಗದಾಯುದ್ಧದ ಓದುಗರಂತೆಯೇ ಇಬ್ಭಾಗ: ನಗಿಸಿದರೆ ಹೆದರಿಕೆ ಸಾಯುತ್ತದೆ ಎನ್ನುವವರು ಒಂದು ಕಡೆ, ನಗುವಿನಿಂದಲೇ ಹೆದರಿಕೆ ಹತ್ತಿರ ಬರುತ್ತದೆ ಎನ್ನುವವರು ಇನ್ನೊಂದು ಕಡೆ. ರೀಜೆನ್ಸಿ ಕಾಲದಲ್ಲೇ ಹೆದರಿಕೆ, ನಗು ಎರಡೂ ಇದ್ದವು. ವೈದ್ಯ ಜಾನ್ ಪಾಲಿಡೋರಿಯ ‘ದಿ ವ್ಯಾಂಪೈರ್’ ಕಥೆ 1819ರಲ್ಲಿ ಪತ್ರಿಕೆಯೊಂದರಲ್ಲಿ ಬೈರನ್ನನ ಹೆಸರಿನಲ್ಲಿ ಅಚ್ಚಾಗಿ, ಓದುಗರು ಅದನ್ನು ಬೈರನ್ನನದೆಂದೇ ನಂಬಿ ಮುಗಿಬಿದ್ದರು. ಅದಕ್ಕೆ ತುಸು ಮೊದಲು, 1817ರ ಕೊನೆಗೆ ಹೊರಬಂದ ‘ನಾರ್ಥಾಂಗರ್ ಅಬ್ಬೆ’ಯಲ್ಲಿ ಜೇನ್ ಆಸ್ಟಿನ್, ಭಯದ ಕಾದಂಬರಿಗಳಿಗೆ ಮರುಳಾಗಿ ಪ್ರತಿ ಪೆಟ್ಟಿಗೆಯಲ್ಲೂ ರಹಸ್ಯ ಹುಡುಕುವ ಹುಡುಗಿಯೊಬ್ಬಳನ್ನು ಕಂಡು ಅಕ್ಕರೆಯಿಂದ ನಕ್ಕಿದ್ದಳು. ರೀಜೆನ್ಸಿ ಎಂಬ ಕಾಲವೇ ಹುಟ್ಟಿದ್ದು ಅರಸನಿಗೆ ಮತಿಭ್ರಮೆಯಾದದ್ದರಿಂದ: ಮೂರನೆಯ ಜಾರ್ಜ್ ರಾಜ್ಯವಾಳುವ ಸ್ಥಿತಿಯಲ್ಲಿಲ್ಲವೆಂದು 1811ರಿಂದ 1820ರವರೆಗೆ ಮಗ ಅವನ ಪರವಾಗಿ ಆಳಿದ. ಅರಮನೆಯಲ್ಲಿ ಮರುಳ, ಕಥೆಯಲ್ಲಿ ಮರುಳು, ಓದುಗರು ಮರುಳಾದವರು.

ಇಂಥ ಪುಸ್ತಕವನ್ನು ಕನ್ನಡಕ್ಕೆ ತರುವವರು ವ್ಯಾಂಪೈರಿಗೆ ಏನೆನ್ನಬೇಕು? ‘ರಕ್ತಪಿಶಾಚಿ’ ಎಂಬುದು ಗಂಭೀರ, ಅದರಲ್ಲಿ ನಗು ಹುಟ್ಟುವುದಿಲ್ಲ. ‘ಬೇತಾಳ’ ಎನ್ನಲು ಒಂದು ಪೂರ್ವೋದಾಹರಣೆ ಇದೆ. ರಿಚರ್ಡ್ ಬರ್ಟನ್ 1870ರಲ್ಲಿ ನಮ್ಮ ವಿಕ್ರಮ ಬೇತಾಳದ ಕಥೆಗಳನ್ನು ಇಂಗ್ಲಿಷಿಗೆ ತರುವಾಗ ಬೇತಾಳನನ್ನು ವ್ಯಾಂಪೈರ್ ಮಾಡಿದ. ಅದು ಸರಿಹೋಗಲಿಲ್ಲ ಎಂದೇ ನನ್ನ ಎಣಿಕೆ. ‘ಚಂದಮಾಮ’ ಓದಿ ಬೆಳೆದ ಕನ್ನಡಿಗರಿಗೆ ಶಂಕರ್ ಬಿಡಿಸಿದ ಆ ಚಿತ್ರ, ಕತ್ತಿ ಹಿರಿದ ರಾಜನ ಹೆಗಲ ಮೇಲಿನ ಶವ, ಕಣ್ಣಿಗೆ ಕಟ್ಟಿದೆ. ಆ ಬೇತಾಳ ರಕ್ತ ಹೀರುವುದಿಲ್ಲ, ಕಥೆ ಹೇಳಿ ಪ್ರಶ್ನೆ ಕೇಳುತ್ತದೆ. ರಕ್ತ ಕುಡಿದು, ಮಾತಾಡಿ, ನಗಿಸಿ, ಎದುರಿಗಿದ್ದವನ ಬುದ್ಧಿಯನ್ನು ಅಳೆಯುವ ಪ್ರಾಣಿ ಕನ್ನಡದಲ್ಲಿ ಮರುಳು ಮಾತ್ರ.

ಅನುವಾದಕರು ಅದನ್ನೇ ಬಳಸಲಿ ಎಂದು ನಾನು ಮನಸಾರೆ ಕೇಳುತ್ತೇನೆ. ಬೇಟೆಗಾರ್ತಿ ಕೋಟೆಯ ಬಾಗಿಲಲ್ಲಿ ‘ಮರುಳು ಒಳಗಿದೆಯೇ?’ ಎಂದು ಕೂಗಿದರೆ, ಒಳಗಿನಿಂದ ‘ಇಲ್ಲ, ಈಗ ತಾನೆ ಬಾಗಿಲಿಗೆ ಬಂದಿದೆ’ ಎಂದು ಉತ್ತರ ಬರಬಹುದು. ಇಂಗ್ಲಿಷಿನ ಮೂಲಕ್ಕೆ ಈ ಅನುಕೂಲವಿಲ್ಲ. ರಾಯಚೂರು ಸೀಮೆಯ ಓದುಗರಿಗಾಗಿ ಮಾಡುವುದಾದರೆ ಇನ್ನೂ ಒಂದು ಹೆಜ್ಜೆ ಹೋಗಬಹುದು: ಪಿಶಾಚಿಗೆ ಮರುಳು, ಅದನ್ನು ಹಿಡಿಯಹೊರಟವನಿಗೆ ಮಳ್ಳ. ನಿಘಂಟು ಮಾಡುವವರೂ ಮಳ್ಳನನ್ನು ಗ್ರಾಮ್ಯವೆಂದು ಮೂಲೆಯಲ್ಲಿ ಬಿಡದೆ ರನ್ನನ ಮರುಳಿನ ಪಕ್ಕದಲ್ಲೇ, ಅದೇ ಮನೆಯ ಹುಡುಗನೆಂದು, ಕೂರಿಸಲಿ.