ಸ್ನಾನಗೃಹದಲ್ಲಿ ಬೂಷ್ಟು: ಗುರುತಿಸುವಿಕೆ, ನಿವಾರಣೆ ಮತ್ತು ದುರಸ್ತಿಗಾಗಿ ಮನವಿ ಸಲ್ಲಿಸುವ ಬಗ್ಗೆ

ಮುಂಗಾರು ಅವಧಿಯಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಕರಾವಳಿ ಹಾಗೂ ಮಲೆನಾಡಿನ ಮನೆಗಳ ಸ್ನಾನಗೃಹಗಳಲ್ಲಿ ಬೂಷ್ಟು ಕಾಣಿಸಿಕೊಳ್ಳುವುದು ಸಾಮಾನ್ಯ. ಗಾಳಿಯಾಡದ ಸ್ನಾನಗೃಹಗಳಿರುವ ನಗರದ ಮನೆಗಳಲ್ಲಿ ಇದು ವರ್ಷವಿಡೀ ಉಂಟಾಗಬಹುದು. ಗೋಡೆಗೆ ಬಣ್ಣ ಬಳಿಸಿದ ಮಾತ್ರಕ್ಕೆ ಈ ಸಮಸ್ಯೆ ಪರಿಹಾರವಾಗುವುದಿಲ್ಲ. ಆದ್ದರಿಂದ ದುರಸ್ತಿಗಾಗಿ ಮನವಿ ಸಲ್ಲಿಸುವ ಮುನ್ನ ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳನ್ನು ಈ ಕೆಳಗೆ ನೀಡಲಾಗಿದೆ.

1. ಬೂಷ್ಟು ಎಂದರೇನು?

ಬೂಷ್ಟು ಒಂದು ಬಗೆಯ ಶಿಲೀಂಧ್ರ. ಇದರ ಕಣಗಳು ಗಾಳಿಯಲ್ಲಿ ಸದಾ ಇರುತ್ತವೆ. ತೇವ ದೊರೆತಲ್ಲಿ ಬೆಳೆಯುತ್ತವೆ. ತೇವವಿಲ್ಲದೆ ಬೂಷ್ಟು ಬೆಳೆಯಲಾರದು. ಒದ್ದೆಯಾದ ಭಾಗವನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿದಲ್ಲಿ ಬಹುತೇಕ ಸಂದರ್ಭಗಳಲ್ಲಿ ಇದನ್ನು ತಡೆಯಬಹುದು.

ತೇವದಿಂದ ಕೂಡಿದ, ಬೂಷ್ಟು ಹಿಡಿದ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ ಹಾಗೂ ಆಸ್ತಮಾ ಉಲ್ಬಣಗೊಳ್ಳುವ ಸಂಭವ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ತಿಳಿಸಿದೆ. ಬೂಷ್ಟಿನ ಬಣ್ಣದಿಂದ ಅದರ ಅಪಾಯವನ್ನು ನಿರ್ಧರಿಸಲಾಗದು. ಯಾವುದೇ ಬಣ್ಣದ್ದಾದರೂ ತೆಗೆಯತಕ್ಕದ್ದು. ಇದಕ್ಕಾಗಿ ಸಾಮಾನ್ಯವಾಗಿ ಪ್ರಯೋಗಾಲಯ ಪರೀಕ್ಷೆಯ ಅಗತ್ಯವಿರುವುದಿಲ್ಲ.

2. ಗುರುತಿಸುವ ಬಗೆ

(ಅ) ಗೋಡೆಯ ಮೇಲಿನ ಬಿಳಿ ಪುಡಿಯು ನೀರಿನಲ್ಲಿ ಕರಗಿದರೆ ಅದು ಗೋಡೆಯಿಂದ ಹೊರಬಂದ ಉಪ್ಪು, ಬೂಷ್ಟಲ್ಲ. ಆದರೆ ಗೋಡೆಯೊಳಗೆ ತೇವವಿದೆ ಎಂಬುದಕ್ಕೆ ಇದು ಸೂಚನೆ.
(ಆ) ಕಪ್ಪು ಕಲೆಯ ಮೇಲೆ ನೀರು ಬೆರೆಸಿದ ಬ್ಲೀಚ್ ದ್ರಾವಣದ ಒಂದು ಹನಿ ಹಾಕಿದಾಗ, ಕೆಲವೇ ನಿಮಿಷಗಳಲ್ಲಿ ಬಣ್ಣ ತಿಳಿಯಾದರೆ ಅದು ಬೂಷ್ಟಾಗಿರುವ ಸಂಭವವಿದೆ. ಬದಲಾಗದಿದ್ದರೆ ಕೇವಲ ಕೊಳೆಯಾಗಿರಬಹುದು.
(ಇ) ಟೈಲ್ಸ್ ಸಂದುಗಳಲ್ಲಿನ ಗುಲಾಬಿ ಬಣ್ಣದ ಲೋಳೆಯು ಸಾಮಾನ್ಯವಾಗಿ ಬ್ಯಾಕ್ಟೀರಿಯಾದಿಂದ ಉಂಟಾಗುವಂಥದ್ದು. ಇದನ್ನೂ ಉಜ್ಜಿ ತೊಳೆದು ಒಣಗಿಸುವುದೇ ಪರಿಹಾರ.

3. ತೇವದ ಮೂಲ ಪತ್ತೆಹಚ್ಚುವುದು

ಬೂಷ್ಟು ಹಿಡಿದಿರುವ ಗೋಡೆಯ ಮೇಲ್ಮೈಯನ್ನು ಒರೆಸಿ ಒಣಗಿಸಿ, ಸುಮಾರು ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚುಗಳಲ್ಲಿ ಟೇಪಿನಿಂದ ಅಂಟಿಸಿ. ಎರಡು ದಿನಗಳ ನಂತರ ಹಾಳೆಯ ಹೊರಮೈಯಲ್ಲಿ ನೀರಿನ ಹನಿಗಳಿದ್ದರೆ ಸ್ನಾನದ ಹಬೆ ಹಾಗೂ ಗಾಳಿಯಲ್ಲಿನ ತೇವವೇ ಕಾರಣ. ಒಳಮೈಯಲ್ಲಿ ಹನಿಗಳಿದ್ದರೆ ತೇವವು ಗೋಡೆಯೊಳಗಿನಿಂದ ಬರುತ್ತಿದೆ ಎಂದು ತಿಳಿಯಬಹುದು.

ಬೇಸಿಗೆಯಲ್ಲೂ ಒಣಗದೆ ಹಬ್ಬುವ ಕಲೆಯು ಕೊಳವೆ ಸೋರಿಕೆಯ ಲಕ್ಷಣ. ರಾತ್ರಿ ಪಂಪು ಹಾಗೂ ಎಲ್ಲ ನಲ್ಲಿಗಳನ್ನು ನಿಲ್ಲಿಸಿ, ಮೇಲ್ತೊಟ್ಟಿಯ ನೀರಿನ ಮಟ್ಟವನ್ನು ಗುರುತು ಹಾಕಿಕೊಳ್ಳಿ. ನೀರು ಬಳಸದೆಯೂ ಬೆಳಿಗ್ಗೆ ಮಟ್ಟ ಇಳಿದಿದ್ದರೆ ಸೋರಿಕೆ ಇರುವ ಸಾಧ್ಯತೆ ಹೆಚ್ಚು.

4. ಸ್ವಚ್ಛಗೊಳಿಸುವ ವಿಧಾನ

ಬೂಷ್ಟು ಸುಮಾರು 10 ಚದರ ಅಡಿಗಿಂತ ಕಡಿಮೆ ಇದ್ದಲ್ಲಿ ನಿವಾಸಿಗಳೇ ತೆಗೆಯಬಹುದು. ಆಸ್ತಮಾ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು ಈ ಕೆಲಸ ಮಾಡಬಾರದು, ಮಕ್ಕಳನ್ನು ದೂರವಿಡತಕ್ಕದ್ದು.

(ಅ) ಕಿಟಕಿ, ಬಾಗಿಲು ತೆರೆದು, ರಬ್ಬರ್ ಕೈಗವಸು, ಮುಖಗವಸು ಹಾಗೂ ಕನ್ನಡಕ ಧರಿಸಿ.
(ಆ) ಸಾಬೂನು ಪುಡಿ ಬೆರೆಸಿದ ನೀರಿನಿಂದ ಉಜ್ಜಿ, ತೊಳೆದು, ಪೂರ್ಣವಾಗಿ ಒಣಗಿಸಿ. ಒಣಗಿರುವ ಬೂಷ್ಟನ್ನು ಪೊರಕೆಯಿಂದ ಕೆರೆಯಬೇಡಿ. ಕಣಗಳು ಮನೆಯೆಲ್ಲ ಹರಡುತ್ತವೆ.
(ಇ) ಟೈಲ್ಸ್ ಮೇಲೆ ಕಲೆ ಉಳಿದರೆ 4 ಲೀಟರ್ ನೀರಿಗೆ 250 ಮಿ.ಲೀ. ಮೀರದಂತೆ ದ್ರವರೂಪದ ಬ್ಲೀಚ್ ಬೆರೆಸಿ ಬಳಸಬಹುದು.
(ಈ) ಉಬ್ಬಿ ಸಡಿಲವಾದ ಗಾರೆಯ ಒಳಗೂ ಬೂಷ್ಟು ಬೇರೂರಿರುತ್ತದೆ. ಸೋರಿಕೆ ಸರಿಪಡಿಸಿದ ನಂತರ ಅಂತಹ ಗಾರೆಯನ್ನು ಕೆತ್ತಿ ತೆಗೆದು, ಗೋಡೆ ಒಣಗಿದ ಮೇಲೆಯೇ ಹೊಸ ಗಾರೆ ಹಾಗೂ ಬಣ್ಣ ಮಾಡಿಸತಕ್ಕದ್ದು.

ಎಚ್ಚರಿಕೆ: ಬ್ಲೀಚ್ ಅಥವಾ ಬ್ಲೀಚಿಂಗ್ ಪುಡಿಯನ್ನು ಶೌಚಾಲಯ ತೊಳೆಯುವ ಆ್ಯಸಿಡ್‌ನೊಂದಿಗೆ ಎಂದಿಗೂ ಬೆರೆಸಬಾರದು. ಇದರಿಂದ ವಿಷಕಾರಿ ಕ್ಲೋರಿನ್ ಅನಿಲ ಉತ್ಪತ್ತಿಯಾಗುತ್ತದೆ. ಅಮೋನಿಯಾ ಇರುವ ದ್ರಾವಣಗಳೊಂದಿಗೆ ಬೆರೆಸುವುದೂ ಅಪಾಯಕಾರಿ. ಕಣ್ಣುರಿ, ಉಸಿರುಗಟ್ಟುವಿಕೆ ಕಂಡುಬಂದಲ್ಲಿ ತಕ್ಷಣ ಹೊರಬಂದು ವೈದ್ಯರನ್ನು ಕಾಣತಕ್ಕದ್ದು.

5. ಮರುಕಳಿಸದಂತೆ ತಡೆಯುವುದು

ಸ್ನಾನದ ನಂತರ ಗೋಡೆ ಹಾಗೂ ನೆಲದ ನೀರನ್ನು ಎಳೆದು ತೆಗೆಯಿರಿ. ಹಬೆ ಹೊರಹಾಕುವ ಫ್ಯಾನ್ ಇದ್ದಲ್ಲಿ 20ರಿಂದ 30 ನಿಮಿಷ ಚಾಲನೆಯಲ್ಲಿಡಿ. ಒದ್ದೆ ಬಟ್ಟೆಗಳನ್ನು ಸ್ನಾನಗೃಹದಲ್ಲಿ ರಾಶಿ ಹಾಕಬೇಡಿ. ಮಳೆ ಅಥವಾ ಚಳಿಯ ಕಾರಣ ಗವಾಕ್ಷಿಯನ್ನು ಮುಚ್ಚಬೇಡಿ. ಗ್ಯಾಸ್ ಗೀಸರ್ ಇರುವ ಸ್ನಾನಗೃಹದಲ್ಲಿ ಗವಾಕ್ಷಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಪ್ರಾಣಾಪಾಯ ಉಂಟಾಗಬಹುದು.

6. ದುರಸ್ತಿಗಾಗಿ ಮನವಿ

(ಅ) ಲೋಕೋಪಯೋಗಿ ಇಲಾಖೆಯು ನಿರ್ವಹಿಸುವ ಸರ್ಕಾರಿ ವಸತಿಗೃಹಗಳ ನಿವಾಸಿಗಳು ಸಂಬಂಧಪಟ್ಟ ಉಪವಿಭಾಗದ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ರವರಿಗೆ ಲಿಖಿತ ಮನವಿ ಸಲ್ಲಿಸಬಹುದು.
(ಆ) ಬಾಡಿಗೆ ಮನೆಗಳಲ್ಲಿ ಕರಾರು ಪತ್ರದ ಷರತ್ತುಗಳನ್ನು ಮೊದಲು ಪರಿಶೀಲಿಸಿ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಕಟ್ಟಡದ ದುರಸ್ತಿ ಹಾಗೂ ಕೊಳವೆ ಬದಲಾವಣೆಯನ್ನು ಮಾಲೀಕರ ಹೊಣೆಯಾಗಿಯೂ, ನಲ್ಲಿ ದುರಸ್ತಿ ಹಾಗೂ ಚರಂಡಿ ಸ್ವಚ್ಛತೆಯನ್ನು ಬಾಡಿಗೆದಾರರ ಹೊಣೆಯಾಗಿಯೂ ವಿಂಗಡಿಸಲಾಗಿದೆ. ಇದು ಮಾದರಿ ಮಾತ್ರವಾಗಿದ್ದು, ರಾಜ್ಯವು ಅಳವಡಿಸಿಕೊಂಡಾಗಲಷ್ಟೇ ಜಾರಿಗೆ ಬರುತ್ತದೆ. ಆದಾಗ್ಯೂ ಹೊಸ ಕರಾರು ಬರೆಯುವಾಗ ಈ ವಿಂಗಡಣೆಯನ್ನು ಅನುಸರಿಸಬಹುದು.
(ಇ) ಬಹುಮಹಡಿ ಕಟ್ಟಡಗಳಲ್ಲಿ ಮೇಲ್ಮನೆಯಿಂದ ನೀರು ಜಿನುಗುತ್ತಿದ್ದಲ್ಲಿ ಆ ಮನೆಯವರಿಗೂ ನಿವಾಸಿಗಳ ಸಂಘಕ್ಕೂ ಬರಹದಲ್ಲಿ ತಿಳಿಸಿ.

ಮನವಿಯಲ್ಲಿ ಮನೆ ಸಂಖ್ಯೆ, ಬೂಷ್ಟು ಮೊದಲು ಕಂಡ ದಿನಾಂಕ, ಸ್ಥಳ, ಅಂದಾಜು ಅಳತೆ ಹಾಗೂ ಮೇಲಿನ ಪರೀಕ್ಷೆಗಳ ಫಲಿತಾಂಶವನ್ನು ನಮೂದಿಸಿ, ಛಾಯಾಚಿತ್ರಗಳನ್ನು ಲಗತ್ತಿಸಿ. ಸ್ವೀಕೃತಿ ಪಡೆದು ಜೋಪಾನವಾಗಿರಿಸಿ. "ಗೋಡೆಗೆ ಬಣ್ಣ ಬಳಿಯಬೇಕು" ಎಂದು ಬರೆದರೆ ಬಣ್ಣ ಮಾತ್ರ ಬಳಿಯಬಹುದು, ಮೂಲ ದೋಷ ಹಾಗೆಯೇ ಉಳಿಯಬಹುದು. ಆದ್ದರಿಂದ "ತೇವದ ಮೂಲವನ್ನು ಪತ್ತೆಹಚ್ಚಿ ಸರಿಪಡಿಸಬೇಕು" ಎಂದು ಸ್ಪಷ್ಟವಾಗಿ ಕೋರತಕ್ಕದ್ದು.

ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.