ಬೆಣ್ಣೆಹಳ್ಳದ ಎರೆಸೀಮೆ ಮತ್ತು ಆದಿಮ ಬೇಟೆಗಾರರು

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ ಪರಿಸರದ ಎರೆಸೀಮೆಯಲ್ಲಿ ಕಲ್ಲು ಅಪರೂಪ. ಬೇಸಿಗೆಯಲ್ಲಿ ನೀರೂ ಅಪರೂಪ. ಇಂಥ ನೆಲದಲ್ಲಿ ಆದಿಮಾನವನ ನೆಲೆ ಹುಡುಕುವುದು ವ್ಯರ್ಥವೆಂದು ತೋರುವುದು ಸಹಜ. ಆದರೆ ಇಲ್ಲಿಯ ಬೆಣ್ಣೆಹಳ್ಳ ಹೋಗಿ ಕೂಡುವ ಮಲಪ್ರಭೆಯ ಕಣಿವೆ ಈ ಭಾವನೆಯನ್ನು ಒಪ್ಪುವುದಿಲ್ಲ.

1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಶಿಲಾಯುಧವನ್ನು ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಮುಂದೆ ಮಲಪ್ರಭೆಯ ಗರಸಿನ ಪದರುಗಳಲ್ಲಿಯೂ ಅಂಥ ಆಯುಧಗಳನ್ನು ಕಂಡರು. ಗೋಕಾಕದ ಬಳಿ ದೊರೆತ ಖಡ್ಗಮೃಗದ ಪಳೆಯುಳಿಕೆಯನ್ನು 1874ರಲ್ಲಿ ವಿವರಿಸಿದವರೂ ಅವರೇ. ಎಲುಬು ಸಿಕ್ಕಿತೆಂದ ಮಾತ್ರಕ್ಕೆ ಬೇಟೆ ಸಿದ್ಧವಾಗದು, ನಿಜ. 1955ರಲ್ಲಿ ಆರ್.ವಿ. ಜೋಶಿಯವರ ಮಲಪ್ರಭಾ ಕಣಿವೆಯ ಅಧ್ಯಯನ ಪ್ರಕಟವಾಯಿತು. ಆದರೂ ಹೊಳೆ ಉರುಳಿಸಿ ತಂದ ಆಯುಧವು ಅದನ್ನು ಮಾಡಿದವರ ದಿನಚರಿಯನ್ನು ಹೇಳಲಾರದು.

ಆ ದಿನಚರಿ ದೊರೆತದ್ದು ಈಗಿನ ಯಾದಗಿರಿ ಜಿಲ್ಲೆಯ ಹುಣಸಗಿ-ಬೈಚಬಾಳ ಕಣಿವೆಗಳಲ್ಲಿ. ಅದೂ ಮಳೆ ಕಡಿಮೆಯ ಸೀಮೆಯೇ. ಅಲ್ಲಿಯ ಇಸಾಂಪುರದಲ್ಲಿ ಕೆ. ಪದ್ದಯ್ಯನವರು 1997ರಿಂದ ನಡೆಸಿದ ಉತ್ಖನನದಲ್ಲಿ ಸುಣ್ಣಕಲ್ಲಿನ ಚಪ್ಪಡಿ, ಬಡಿಗಲ್ಲು, ಅರೆಬರೆ ಕೆತ್ತಿದ ಕೈಗೊಡಲಿ, ಚಕ್ಕೆಗಳು ಕೆತ್ತಿದಲ್ಲಿಯೇ ಬಿದ್ದಿದ್ದವು. ಪ್ರಾಣಿಗಳ ಹಲ್ಲುಗಳ ಪರೀಕ್ಷೆ ಈ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ಪ್ರಾಚೀನತೆಯನ್ನು ಸೂಚಿಸಿದೆ. ಬೇಸಿಗೆಯಲ್ಲಿ ಬತ್ತದ ಒರತೆಗಳ ಬಳಿ ಗುಂಪುಗೂಡುವುದು, ಮಳೆಗಾಲದಲ್ಲಿ ಕಣಿವೆಯ ತುಂಬ ಚದುರುವುದು—ಇದು ಪದ್ದಯ್ಯನವರು ಕಟ್ಟಿಕೊಟ್ಟ ಚಿತ್ರ. ಅದಕ್ಕಾಗಿ ಅವರು ಈಗಿನ ಹಳ್ಳಿಗರು ಸಂಗ್ರಹಿಸುವ ಕಾಡು ಆಹಾರವನ್ನೂ ಗಮನಿಸಿದರು. ಜಾನಪದ ಅಧ್ಯೇತೃಗಳಿಗೆ ಇದು ಮುಖ್ಯ. ನವಲಗುಂದ ಸೀಮೆಯ ಹೆಣ್ಣುಮಕ್ಕಳು ಹೊಲದಿಂದ ಹತ್ತರಕಿ, ಕಿರಕಸಾಲಿ ಪಲ್ಯೆ ಹರಿದು ತರುವುದು ಆದಿಮಾನವನ ನೇರ ಉಳಿಕೆಯಲ್ಲ. ಆದರೆ ‘ಬೇಟೆಗಾರ’ ಎಂಬ ಒಂದೇ ಪದ ಆಯ್ದು ತಿಂದವರ, ಅವರಲ್ಲೂ ಹೆಂಗಸರ, ದುಡಿಮೆಯನ್ನು ಮರೆಮಾಡಿದೆ ಎಂಬುದನ್ನು ಅದು ನೆನಪಿಸುತ್ತದೆ.

ಹಾಗಾದರೆ ಕಲ್ಲಿಲ್ಲದ ಎರೆಬಯಲಿನ ಗತಿಯೇನು? ಅಲ್ಲಿ ನೆಲೆನಿಲ್ಲದಿದ್ದರೂ ಮಳೆಗಾಲದ ಮೇವಿಗೆ ಬಂದ ಪ್ರಾಣಿಗಳ ಬೆನ್ನುಹತ್ತಿ ಗುಂಪುಗಳು ಅದನ್ನು ಹಾಯ್ದಿರಬಹುದು. ಅವರು ಕೈಯಲ್ಲಿ ಹೊತ್ತು ತಂದು ಬಿಸಾಡಿದ ಒಂದೆರಡು ಕಲ್ಲುಗಳು ಹೊಲದ ಮೇಲ್ಮೈಯಲ್ಲಿ ಸಿಗಲಾರವು. ಬೆಣ್ಣೆಹಳ್ಳದ ಕೊರಕಲುಗಳಲ್ಲಿ ಎರೆಮಣ್ಣಿನಡಿಯ ಗರಸು ತೆರೆದುಕೊಂಡಲ್ಲಿ, ಅದು ಮನೆ-ರಸ್ತೆಗಳ ಕೆಲಸಕ್ಕೆ ಹೇರಿಕೊಂಡು ಹೋಗುವ ಮೊದಲು, ಹುಡುಕಬೇಕಾಗಿದೆ.